ಅಥಣಿಗೆ ಹೋಗಿ ಒರೆ ಹೊಲಿಸಿದ ವೃತ್ತಾಂತ

ಪ್ರವಾಸವೆಂದರೆ ಕಾಶಿ ರಾಮೇಶ್ವರಗಳಿಗೋ ಹಂಪೆ ಬೇಲೂರುಗಳಿಗೋ ಹೋಗಿಬಂದು ಬರೆಯತಕ್ಕುದೆಂಬುದು ವಾಡಿಕೆ. ನಾನು ಹೋದುದಾದರೋ ಒಂದು ಗೇಣುದ್ದದ ಚೂರಿಗೆ ಚರ್ಮದ ಒರೆ ಹೊಲಿಸುವುದಕ್ಕೆ. ಇದನ್ನು ಕೇಳಿ ನಮ್ಮ ಮನೆಯವರು, "ಧಾರವಾಡದಲ್ಲಿ ಇಷ್ಟು ಅಂಗಡಿಗಳಿರುವಾಗ ಅದಕ್ಕಾಗಿ ರೈಲು ಹತ್ತಬೇಕೆ?" ಎಂದು ನಕ್ಕರು. ವಾಚಕರೂ ನಗುವುದಾದರೆ ನನ್ನ ಆಕ್ಷೇಪವಿಲ್ಲ. ಆದರೆ ಆ ಎರಡು ದಿನಗಳಲ್ಲಿ ನಾನು ಕಂಡುದನ್ನು 35 ವರ್ಷಗಳ ಮಾಸ್ತರಿಕೆಯಲ್ಲಿ ಕಂಡಿರಲಿಲ್ಲವಾದ ಕಾರಣ ಬರೆಯಲು ಕುಳಿತಿದ್ದೇನೆ.

ಚೂರಿಯು ನಮ್ಮ ತೀರ್ಥರೂಪರದು. ಶಿರಸಿಯ ಸೀಮೆಯ ನಮ್ಮ ಅಡಕೆಯ ತೋಟದಲ್ಲಿ ವೀಳ್ಯದೆಲೆ ಕೊಯ್ಯುವುದಕ್ಕೂ, ಪೂಜೆಯ ದಿನ ಬಾಳೆಯೆಲೆ ತರುವುದಕ್ಕೂ ಅವರು ಅದನ್ನು ಉಪಯೋಗಿಸುತ್ತಿದ್ದರು. ಅಲಗು ಊರಿನ ಆಚಾರಿ ಬಡಿದು ಕೊಟ್ಟದ್ದು, ಹಿಡಿ ಬೀಟೆಯ ಮರದ್ದು. ಅದಕ್ಕೆ ಒರೆಯೆಂದರೆ ಅಡಕೆಯ ಹಾಳೆ. ಹಾಳೆಯನ್ನು ನೆನೆಸಿ, ಮಡಚಿ, ಬಾಳೆಯ ನಾರಿನಿಂದ ಕಟ್ಟಿದರಾಯಿತು. ವರ್ಷಕ್ಕೊಮ್ಮೆ ಹೊಸತು. ಚರ್ಮದ ಒರೆ ಏಕಿಲ್ಲವೆಂದು ನಾನು ಬಾಲ್ಯದಲ್ಲಿ ಒಮ್ಮೆ ಕೇಳಿದುದುಂಟು. "ದೇವರಿಗೆ ಎಲೆ ಕೊಯ್ಯುವ ಚೂರಿಗೆ ತೊಗಲು ಮುಟ್ಟಿಸುತ್ತಾರೇನೋ?" ಎಂದು ಗದರಿದರು. ಉಪನಯನದ ದಿವಸ ಕೃಷ್ಣಾಜಿನದ ತುಣುಕನ್ನು ಕೊರಳಿಗೆ ಕಟ್ಟಿಸಿಕೊಂಡವನು ನಾನು. ನಮ್ಮೂರ ದೇವಸ್ಥಾನದಲ್ಲಿ ಭಜನೆಗೆ ಬಾರಿಸುತ್ತಿದ್ದ ಮದ್ದಳೆಯ ಮುಖಕ್ಕೆ ಬಿಗಿದುದು ಏನೆಂಬುದೂ ನನಗೆ ಗೊತ್ತಿತ್ತು. ಆದರೂ ಮರುಪ್ರಶ್ನೆ ಮಾಡುವ ಧೈರ್ಯವಾಗಲಿಲ್ಲ.

ತೀರ್ಥರೂಪರು ತೀರಿಕೊಂಡ ಮೇಲೆ ಚೂರಿಯು ನನ್ನೊಡನೆ ಧಾರವಾಡಕ್ಕೆ ಬಂದಿತು. ಪೇಟೆಯ ಮನೆಯಲ್ಲಿ ಹಾಳೆಯೆಲ್ಲಿಂದ ಬರಬೇಕು? ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟಿದ್ದೆನು. ಕಳೆದ ದೀಪಾವಳಿಗೆ ಬಂದ ಮೊಮ್ಮಗಳು ಬಳಪ ಹುಡುಕುತ್ತ ಆ ಖಾನೆಗೆ ಕೈಹಾಕಿ ಬೆರಳು ಕೊಯ್ದುಕೊಂಡಳು. ಗಾಯವು ಸಣ್ಣದೇ, ಅಳು ಮಾತ್ರ ದೊಡ್ಡದು. ಅಂದೇ ಒರೆಯ ಯೋಚನೆ ಹುಟ್ಟಿತು.

ಸಂಸ್ಕೃತದಲ್ಲಿ ಒರೆಗೆ ಕೋಶವೆಂಬ ಹೆಸರುಂಟು. ಮೊಗ್ಗು, ಭಂಡಾರ, ಶಬ್ದಗಳ ನಿಘಂಟು, ಇವೆಲ್ಲಕ್ಕೂ ಅದೇ ಪದ. ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಮರಕೋಶದ ಹೆಸರಿನಲ್ಲಿಯೇ ಕತ್ತಿಯ ಮನೆಯೊಂದಿದೆ. ಚೂರಿಯ ಹೆಸರುಗಳು, ಅಂದರೆ ಛುರಿಕಾ, ಅಸಿಪುತ್ರೀ, ಅಸಿಧೇನುಕಾ ಎಂಬುವು ಆ ಗ್ರಂಥದ ಕ್ಷತ್ರಿಯವರ್ಗದಲ್ಲಿವೆ. ಚರ್ಮಕಾರ, ಪಾದೂಕೃತ್ ಎಂಬ ಹೆಸರುಗಳು ಶೂದ್ರವರ್ಗದಲ್ಲಿವೆ. ಈ ಎರಡನೆಯ ವರ್ಗವನ್ನು ನಾನು ತರಗತಿಯಲ್ಲಿ ಓಡಿಸಿಬಿಡುತ್ತಿದ್ದೆನು. ಪರೀಕ್ಷೆಯಲ್ಲಿ ಕೇಳುವುದಿಲ್ಲವೆಂಬುದು ನಾನು ಹೇಳುತ್ತಿದ್ದ ಕಾರಣ.

ಓಡಿಸಲು ಬಿಡದಿದ್ದವನು ಒಬ್ಬನೇ. ಅಥಣಿಯ ಸಮಗಾರರ ಮನೆಯ ಹುಡುಗ, ಸರಕಾರದ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ನಮ್ಮ ಶಾಲೆಗೆ ಬರುತ್ತಿದ್ದನು. ಹಟ ಹಿಡಿದು ಸಂಸ್ಕೃತವನ್ನೇ ತೆಗೆದುಕೊಂಡಿದ್ದನು. "ಪಾದೂಕೃತ್ ಎಂದರೆ ನಮ್ಮ ಅಪ್ಪನೇ ಅಲ್ಲವೆ, ಸರ್?" ಎಂದು ಒಮ್ಮೆ ಎದ್ದುನಿಂತು ಕೇಳಿದನು. ತರಗತಿಯು ನಕ್ಕಿತು, ಅವನೂ ನಕ್ಕನು. 1994ರಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಸಂಸ್ಕೃತದಲ್ಲಿ ಅವನದೇ ಮೊದಲ ಅಂಕ. ಆ ವಾರ ಅವನು ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಒಂದು ಜೊತೆ ಚಪ್ಪಲಿಯನ್ನು ತಂದು, "ಅಪ್ಪ ಕಳಿಸ್ಯಾನ್ರಿ" ಎಂದು ನನ್ನ ಮುಂದಿಟ್ಟನು. ಬಡವರ ಮನೆಯ ವಸ್ತುವನ್ನು ಪುಕ್ಕಟೆಯಾಗಿ ತೆಗೆದುಕೊಳ್ಳುವುದುಂಟೆ? ಪೇಟೆಯಲ್ಲಿ ಅದರ ಬೆಲೆ ಎಷ್ಟೆಂದು ವಿಚಾರಿಸಿ 80 ರೂಪಾಯಿಗಳನ್ನು ಎಣಿಸಿ, ಉಪಾಧ್ಯಾಯರ ಕೊಠಡಿಯಲ್ಲಿ ಎಲ್ಲರೆದುರಿಗೆ ಅವನ ಕೈಯಲ್ಲಿಟ್ಟೆನು. ಆ ಸಂಗತಿಯನ್ನು ನನ್ನ ಸತ್ಕಾರ್ಯಗಳ ಲೆಕ್ಕದಲ್ಲಿ ಬರೆದುಕೊಂಡು 30 ವರ್ಷ ಕಳೆದಿದ್ದೆನು.

ಆ ಹುಡುಗನು ಈಗ ಬೆಳಗಾವಿಯ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ತಲೆಯಲ್ಲಿ ನರೆ ಬಂದಿದೆ. ಒರೆಯ ಮಾತು ಬಂದಾಗ, "ಅಪ್ಪನ ಕೈ ಇನ್ನೂ ನಡೀತದ ಸರ್. ನೀವೇ ಅಥಣಿಗೆ ಬರ್ರಿ" ಎಂದು ಕರೆದನು. ಮಾಘಮಾಸದ ಒಂದು ಶನಿವಾರ ನಾನು ಹೊರಟೆನು.

ಧಾರವಾಡದಿಂದ ರೈಲು ಲೋಂಡಾ, ಬೆಳಗಾವಿ, ಘಟಪ್ರಭಾ, ರಾಯಬಾಗಗಳನ್ನು ದಾಟಿ ಕುಡಚಿಗೆ ಬರುತ್ತದೆ. ಲೋಂಡೆಯ ಕಾಡು ನನ್ನ ಊರಿನ ನೆನಪು ತರುವಂಥದು, ಬೆಳಗಾವಿ ಕಳೆದ ಮೇಲೆ ನೆಲ ಬಯಲಾಗುತ್ತ ಹೋಗಿ ಮಣ್ಣು ಕಪ್ಪಾಗುತ್ತದೆ. ಕುಡಚಿಯಲ್ಲಿ ಶಿಷ್ಯನು ತನ್ನ ಮೋಟಾರಿನೊಡನೆ ಕಾದಿದ್ದನು. ಕೃಷ್ಣೆಯನ್ನು ದಾಟಿದೊಡನೆ ಎರಡೂ ಕಡೆ ಕಬ್ಬು. ನೆಲವೇ ಕಾಣದಷ್ಟು ಕಬ್ಬು. ಅದು ಕಡಿಯುವ ಕಾಲವಾದುದರಿಂದ ದಾರಿಯುದ್ದಕ್ಕೂ ಟ್ರಾಕ್ಟರುಗಳು ಎರಡೆರಡು ಗಾಡಿಗಳನ್ನು ಎಳೆಯುತ್ತ, ಬೆಲ್ಲದ ವಾಸನೆಯನ್ನೂ ಧೂಳನ್ನೂ ಸಮವಾಗಿ ಹಂಚುತ್ತ ಸಾಗಿದ್ದವು. ಅಂಗಡಿಯ ಹಲಗೆಗಳಲ್ಲಿ ಕನ್ನಡವೂ ಮರಾಠಿಯೂ ಅಕ್ಕಪಕ್ಕ ಕುಳಿತಿವೆ. ಗಡಿಯು ಹತ್ತಿರ, ಆದರೆ ಮಾತಾಡುವವರಿಗೆ ಗಡಿಯ ಗೊಡವೆಯಿದ್ದಂತೆ ಕಾಣಲಿಲ್ಲ.

ಅಥಣಿಯೆಂದರೆ ಭಕ್ತರಿಗೆ ಮುರುಘೇಂದ್ರ ಶಿವಯೋಗಿಗಳ ಗಚ್ಚಿನ ಮಠದ ಊರು. ಕಾಲಿಗೆ ಮೆಟ್ಟುವವರಿಗೆ ಅದು ಚಪ್ಪಲಿಯ ಊರು. ಲೋಕವು ಕೊಲ್ಹಾಪುರಿಯೆಂದು ಕರೆಯುವ ಚಪ್ಪಲಿಗಳಲ್ಲಿ ಎಷ್ಟೋ ಭಾಗ ಈ ಊರಿನಲ್ಲಿಯೂ, ನಿಪ್ಪಾಣಿಯ ಸುತ್ತಮುತ್ತಲಿನಲ್ಲಿಯೂ ಹುಟ್ಟತಕ್ಕುದು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಉಡುಪುಗಳ ಪ್ರದರ್ಶನದಲ್ಲಿ ಅಲ್ಲಿನ ಹೆಸರಾಂತ ವ್ಯಾಪಾರದ ಮನೆಯೊಂದು ಇದೇ ಮಾದರಿಯ ಪಾದರಕ್ಷೆಯನ್ನು ಮೂಲದ ಹೆಸರು ಹೇಳದೆ ತೋರಿಸಿತು. ಗದ್ದಲವೆದ್ದ ಮೇಲೆ ಭಾರತದ್ದೆಂದು ಒಪ್ಪಿಕೊಂಡಿತು. ಓಣಿಯಲ್ಲಿ ಈ ಸುದ್ದಿಯನ್ನು ಎಲ್ಲರೂ ಬಲ್ಲರು. ಒಬ್ಬಾಕೆ ಪಟ್ಟಿ ಹೆಣೆಯುತ್ತ, ತಲೆಯೆತ್ತದೆ, "ಅಲ್ಲಿ ಅದಕ್ಕ ಲಕ್ಷ ರೂಪಾಯಂತ್ರೀ. ನಮಗ ಹೆಣಿಗೀಗೆ ಎಷ್ಟ ಸಿಗತದ ಅಂತ ಅವ್ರಿಗೆ ಯಾರರೆ ಹೇಳ್ರಿ" ಎಂದಳು.

ಹಿರಿಯರು ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಕುಳಿತಿದ್ದರು. ವಯಸ್ಸು 78. ಬಗ್ಗಿದ ಬೆನ್ನು, ದಪ್ಪ ಕನ್ನಡಕ, ಹಲಗೆಯಂತಹ ಅಂಗೈ. ಹಿಂದಿನ ಗೋಡೆಯ ಮೇಲೆ ಬಸವಣ್ಣನವರದೂ, ಸಮಗಾರ ಹರಳಯ್ಯ ಮತ್ತು ಆತನ ಪುಣ್ಯಸ್ತ್ರೀ ಕಲ್ಯಾಣಮ್ಮನವರದೂ ಪಟಗಳು. ತಮ್ಮ ತೊಡೆಯ ಚರ್ಮವನ್ನೇ ತೆಗೆದು ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಆ 12ನೆಯ ಶತಮಾನದ ದಂಪತಿಗಳ ಕಥೆಯನ್ನು ವಾಚಕರು ಬಲ್ಲರು. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಲಗ್ನವಾದುದಕ್ಕೆ ಬಿಜ್ಜಳನು ಇಬ್ಬರು ತಂದೆಯರಿಗೂ ಮರಣದಂಡನೆ ವಿಧಿಸಿದುದೂ, ಕಲ್ಯಾಣವು ಹೊತ್ತಿಕೊಂಡುದೂ ತಿಳಿದ ವಿಷಯವೇ. ಆ ಪಟದ ಕೆಳಗೆ ಕುಳಿತು ಚೂರಿಯ ಪಂಚೆಯನ್ನು ಬಿಚ್ಚುವಾಗ ನನ್ನ ಕೈಗಳು ನಿಧಾನವಾದವು.

"ಬರ್ರಿ ಮಾಸ್ತರ, ಕುಂದರ್ರಿ" ಎಂದವರು ಚೂರಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಬೆರಳಿನಿಂದ ಅಲಗಿನ ಎರಡೂ ಮಗ್ಗುಲುಗಳನ್ನು ಸವರಿದರು, ಹಿಡಿಯನ್ನು ಮುಷ್ಟಿಯಲ್ಲಿ ತಿರುಗಿಸಿದರು. ಬಳಿಕ, "ಇದನ್ನ ಹಿಡದಾವ್ರು ಎಡಚರೇನ್ರಿ?" ಎಂದರು.

ನಾನು ಬೆರಗಾದೆನು. ತೀರ್ಥರೂಪರು ಊಟ, ಪೂಜೆ, ಬರವಣಿಗೆ ಎಲ್ಲವನ್ನೂ ಬಲಗೈಯಲ್ಲಿಯೇ ಮಾಡುತ್ತಿದ್ದರು. ತೋಟದಲ್ಲಿ ಮಾತ್ರ, ಯಾರೂ ಇಲ್ಲದಾಗ, ಚೂರಿಯು ಅವರ ಎಡಗೈಗೆ ಹೋಗುತ್ತಿತ್ತು. ಅದನ್ನು ಬಲ್ಲವನು ಎಲೆಯ ಕಟ್ಟು ಹೊರುತ್ತಿದ್ದ ನಾನೊಬ್ಬನೇ. ಮಸೆದುದು ಒಂದೇ ಮಗ್ಗುಲಿಗೆ, ಹಿಡಿಯು ಸವೆದುದು ಹೆಬ್ಬೆರಳೂರುವ ಒಂದು ಕಡೆಗೆ. ಇಷ್ಟರಿಂದಲೇ ಈ ಹಿರಿಯರು ತಾವು ಕಾಣದ ಮನುಷ್ಯನ ಕೈಯನ್ನು ಓದಿಬಿಟ್ಟರು. "ಈಗ ನೀವು ಹಿಡಿಯೂದು ಯಾವ ಕೈಯಾಗ? ಒರಿ ಯಾರ ಕೈಗೆ ಹೊಲೀಲಿ, ಅವರಿಗೋ ನಿಮಗೋ?" ಎಂದು ಕೇಳಿದರು. ಒರೆಯು ಸೊಂಟದ ಯಾವ ಕಡೆಗೆ ತೂಗಬೇಕೋ ಅದಕ್ಕೆ ತಕ್ಕಂತೆ ಪಟ್ಟಿ ಹಿಂಬದಿಗೆ ಬರಬೇಕಂತೆ. ಕ್ಷಣಕಾಲ ಯೋಚಿಸಿ, ನನ್ನ ಬಲಗೈಗೇ ಹೊಲಿಯಿರೆಂದೆನು.

ಮೊದಲು ಚರ್ಮದ ಆಯ್ಕೆ. ಎಮ್ಮೆಯ ತೊಗಲಿನಲ್ಲಿ ಹೊಟ್ಟೆಯ ಭಾಗ ಹಿಗ್ಗುತ್ತದೆ, ಒರೆಗೆ ಆಗದು. ಬೆನ್ನಿನ ಹಿಂಭಾಗವು ಬಿಗಿಯಾದುದು, ಒಮ್ಮೆ ಕೊಟ್ಟ ಆಕಾರವನ್ನು ಬಿಡದು. ಹದ ಮಾಡುವ ಕ್ರಮವನ್ನು ಶಿಷ್ಯನು ದಾರಿಯಲ್ಲಿಯೇ ವಿವರಿಸಿದ್ದನು. ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲನ್ನೂ ಮಾಂಸದ ಪೊರೆಯನ್ನೂ ಹೆರೆದು, ತೊಳೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಕಷಾಯದಲ್ಲಿ ಇಡುತ್ತಾರೆ. ಅನಂತರ ತೊಗಲನ್ನು ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯನ್ನೂ ಕಷಾಯವನ್ನೂ ತುಂಬುತ್ತಾರೆ. ಕಷಾಯವು ಹನಿಹನಿಯಾಗಿ ಚರ್ಮದ ಮೂಲಕವೇ ಸೋರುತ್ತದೆ. ಸೋರಿದುದನ್ನು ಮತ್ತೆ ತುಂಬಬೇಕು. ಕೆಲವು ದಿವಸಗಳಾದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಪುನಃ ಅದೇ ಕೆಲಸ. ಹೀಗೆ ವಾರಗಳು ಹಿಡಿಯುತ್ತವೆ. ಹದ ಮಾಡುವವರು ಢೋರರು, ಹೊಲಿಯುವವರು ಸಮಗಾರರು, ಅವರೊಳಗೂ ವರ್ಗಗಳುಂಟು. ಈಗ ಆ ಹೊಂಡಗಳು ಬಹಳ ಕಡಮೆಯಾಗಿ, ಹೆಚ್ಚಿನ ಚರ್ಮವು ಹೊರಗಿನಿಂದ ಬರುತ್ತದೆ. 2020ರ ಜಾನುವಾರು ಕಾಯಿದೆಯಾದ ಮೇಲೆ ತೊಗಲು ಸಿಕ್ಕುವುದೇ ಪ್ರಯಾಸವೆಂದು ಓಣಿಯವರ ದೂರು. ಹಿರಿಯರು ನನಗಾಗಿ ತೆಗೆದುದು ತಾವು ಬಹು ದಿನದಿಂದ ಕಾಪಾಡಿದ್ದ, ಹಳೆಯ ರೀತಿಯಲ್ಲಿ ಹದವಾದ ತುಂಡು.

ಅಳಲೆಕಾಯಿಯ ಹೆಸರು ಕೇಳಿ ನಾನು ಮೂಗಿನ ಹತ್ತಿರ ಒಯ್ದು ಮೂಸಿದೆನು. ಆ ಒಗರು ವಾಸನೆಯು ನನಗೆ ಹೊಸತಲ್ಲ! ನಮ್ಮ ಅಜ್ಜನವರು ಅಳಲೆಕಾಯಿಯನ್ನು ಜಜ್ಜಿ ಕುದಿಸಿ, ಅನ್ನಭೇದಿಯನ್ನು ಬೆರಸಿ ಮಸಿ ಮಾಡುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಲವಣ. ಕಾಯಿಯ ಒಗರೂ ಕಬ್ಬಿಣವೂ ಕೂಡಿದಾಗ ಅಳಿಸಲಾಗದ ಕಪ್ಪು ಹುಟ್ಟುತ್ತದೆ. ಅಂಥ ಮಸಿಯಲ್ಲಿ ಬರೆದ ಮಂತ್ರಗಳ ಪುಸ್ತಕ ನಮ್ಮ ಊರಿನ ಮನೆಯ ದೇವರ ಪೆಟ್ಟಿಗೆಯಲ್ಲಿದೆ. ಮುಟ್ಟಬಾರದೆಂದ ತೊಗಲಿನ ಹೊಂಡದಲ್ಲಿಯೂ, ಮಡಿಯುಟ್ಟು ಮುಟ್ಟತಕ್ಕ ಪುಸ್ತಕದಲ್ಲಿಯೂ ಇದ್ದುದು ಒಂದೇ ಕಾಯಿಯ ರಸ. ನಾನು ಇದನ್ನು ಹೇಳಿದಾಗ ಹಿರಿಯರಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ಹೌದ್ರಿ, ಅದಕ್ಕ ನಿಮ್ಮ ಚಾಕು ಹಸಿ ಒರಿಯೊಳಗ ಇಟ್ರ ಕಪ್ಪಾಗತದ. ಮಳಿಗಾಲದಾಗ ಹೊರಗ ತಗದು ಎಣ್ಣಿ ಹಚ್ಚಿ ಇಡ್ರಿ" ಎಂದು ಉಪಯೋಗಕ್ಕೆ ಬರುವ ಮಾತನ್ನು ಹೇಳಿ ಮುಂದಿನ ಕೆಲಸಕ್ಕೆ ಕೈಹಾಕಿದರು.

ದಪ್ಪ ಕಾಗದದ ಮೇಲೆ ಚೂರಿಯನ್ನಿಟ್ಟು ಗೆರೆಯೆಳೆದು, ಅಲಗಿನ ಬೆನ್ನಿನ ಮೇಲೆ ಕಾಗದವನ್ನು ಹೊರಳಿಸಿ ಇನ್ನೊಂದು ಮಗ್ಗುಲಿನ ಗೆರೆಯೆಳೆದರು. ಮಡಿಕೆಯು ಬೆನ್ನಿನ ಕಡೆಗೆ, ಹೊಲಿಗೆಯು ಬಾಯಿಯ ಕಡೆಗೆ. ಚರ್ಮದ ದಪ್ಪಕ್ಕೆಂದು ಅಷ್ಟು, ಹೊಲಿಗೆಗೆಂದು ಇಷ್ಟು ಹೆಚ್ಚು ಬಿಟ್ಟರು. ಅಳತೆಯ ಪಟ್ಟಿ ಪಕ್ಕದಲ್ಲಿಯೇ ಇತ್ತು, ಮುಟ್ಟಲಿಲ್ಲ. ರಂಪಿಗೆಯಿಂದ ಕತ್ತರಿಸುವಾಗ ತಮ್ಮ ಕಡೆಗೆ ಎಳೆಯದೆ ಮುಂದಕ್ಕೆ ದೂಡುತ್ತಿದ್ದರು. ಮಡಿಕೆ ಬರುವಲ್ಲಿ ಒಳಮೈಯನ್ನು ಸ್ವಲ್ಪ ಹೆರೆದು ತೆಳುಮಾಡಿದರು. ಹಾಗೆ ಮಾಡದಿದ್ದರೆ ಮಡಚಿದಲ್ಲಿ ಹೊರಮೈ ಬಿರಿಯುತ್ತದೆ.

ಬಳಿಕ ಆ ತುಂಡನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿದರು. ಸಣ್ಣ ಗುಳ್ಳೆಗಳು ಸಾಲಾಗಿ ಎದ್ದು, ನಿಂತವು. ನಿಂತಾಗ ಚರ್ಮವು ನೀರು ಕುಡಿದು ಮುಗಿಸಿತೆಂದರ್ಥ. ಚೂರಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಹಾಳೆಯನ್ನು ಎರಡು ಸುತ್ತು ಸುತ್ತಿ, ಹಸಿಯ ಚರ್ಮವನ್ನು ಅದರ ಮೇಲೆ ಮಡಚಿ, ಎಮ್ಮೆಯ ಕೋಡಿನ ತುಂಡಿನಿಂದ ಒತ್ತತೊಡಗಿದರು. ಅಲಗು ಹಿಡಿಯನ್ನು ಸೇರುವಲ್ಲಿ ಬಹಳ ಹೊತ್ತು ಒತ್ತಿದರು. ಒರೆಯು ಚೂರಿಯನ್ನು ಹಿಡಿಯಬೇಕಾದುದು ಅಲ್ಲಿಯೇ. ಗುಂಡಿಯಾಗಲಿ ದಾರವಾಗಲಿ ಬೇಡ. ಕೊನೆಗೆ ಅಂಚುಗಳನ್ನು ಮರದ ಪಟ್ಟಿಗಳ ನಡುವೆ ಬಿಗಿದು ನೆರಳಿನಲ್ಲಿಟ್ಟು, "ನಾಳಿ ಮುಂಜಾನಿ ನೋಡೂಣು" ಎಂದು ಎದ್ದುಬಿಟ್ಟರು.

ಬಿಸಿಲಿಗಿಟ್ಟರೆ ಬೇಗನೆ ಒಣಗದೆ? ಒಣಗುತ್ತದೆ, ಸುಕ್ಕುಗಟ್ಟಿ ಹಪ್ಪಳವೂ ಆಗುತ್ತದೆ. ಹೀಗೆ ಒಂದು ತುಂಡು ಹಸಿಚರ್ಮದ ದೆಸೆಯಿಂದ ನಾನು ಆ ರಾತ್ರಿ ಆ ಮನೆಯಲ್ಲಿ ಉಳಿಯಬೇಕಾಯಿತು. ಜೋಳದ ರೊಟ್ಟಿ, ಬದನೆಯ ಪಲ್ಯ, ಶೇಂಗಾದ ಹಿಂಡಿ, ಗಟ್ಟಿ ಮೊಸರು. ಬಡಿಸಿದ ಸೊಸೆಯವರು, "ನಿಮಗಂತ ಉಳ್ಳಾಗಡ್ಡಿ ಹಾಕಿಲ್ರಿ" ಎಂದರು. ಹಾಕಿದ್ದರೂ ತಿನ್ನುತ್ತಿದ್ದೆನೆಂದು ಹೇಳಬೇಕೆನಿಸಿತು, ಹೇಳಲಿಲ್ಲ. ಇಂಥ ಮಾತು ನಮ್ಮ ಬಾಯಲ್ಲಿ ಉಪಕಾರ ಮಾಡಿದಂತೆ ಕೇಳಿಸುತ್ತದೆ.

ಊಟವಾದ ಮೇಲೆ ಶಿಷ್ಯನೂ ನಾನೂ ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಹಳೆಯ ದಿನಗಳ ಮಾತು ಬಂದಿತು. ನಾನು, ದುರದೃಷ್ಟವಶಾತ್, ಆ ಚಪ್ಪಲಿಯ 80 ರೂಪಾಯಿಗಳ ವಿಷಯವನ್ನು ಎತ್ತಿದೆನು. ಹೊಗಳಿಕೆಯ ಆಸೆ ಇತ್ತೋ ಏನೋ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಒಂದು ಮಾತು ಹೇಳಲೆ? ಅದೇ ವಾರ ತೋಟದವರ ಹುಡುಗ ನಿಮಗ ಮಾವಿನ ಹಣ್ಣಿನ ಬುಟ್ಟಿ ತಂದಿದ್ದ. ಇನ್ನೊಬ್ಬ ಧೋತರ ತಂದಿದ್ದ. ಅವರಿಗೆ ನೀವು ರೊಕ್ಕ ಕೊಡಲಿಲ್ಲ" ಎಂದನು.

ದೂರಿನ ದನಿಯಲ್ಲಿ ಹೇಳಲಿಲ್ಲ. ಗಣಿತದ ಲೆಕ್ಕ ಒಪ್ಪಿಸುವವನಂತೆ ಹೇಳಿದನು. ಬುಟ್ಟಿಯೂ ಧೋತರವೂ ನನಗೆ ಚೆನ್ನಾಗಿ ನೆನಪಾದವು. ಅವನ್ನು ಗುರುದಕ್ಷಿಣೆಯೆಂದು ಸಂತೋಷದಿಂದ ತೆಗೆದುಕೊಂಡು, ಆ ಹುಡುಗರ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ್ದೆನು. ಈ ಹುಡುಗನ ಕೈಗೆ ನೋಟುಗಳನ್ನಿಟ್ಟಿದ್ದೆನು. ತಲೆಯ ಮೇಲೆ ಕೈಯಿಟ್ಟೆನೆ? ನೆನಪಿಸಿಕೊಳ್ಳಲು ಪ್ರಯತ್ನಿಸಿದೆನು, ನೆನಪಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

"ನಿಮ್ಮ ತಂದೆಯವರು ಏನೆಂದರು?"

"ಏನೂ ಅನಲಿಲ್ಲ. ಮಾಸ್ತರು ರೊಕ್ಕ ಕೊಟ್ಟರs, ಅಂತ ಒಂದ ಸಲ ಕೇಳಿದ. ನೋಟು ರಂಪಿಗಿ ಪೆಟ್ಟಿಗಿಯೊಳಗ ಬಹಳ ದಿನ ಇದ್ದವು. ಮಳಿಗಾಲದಾಗ ಜ್ವಾಳಕ್ಕ ಖರ್ಚಾದವು."

ಆ ರಾತ್ರಿ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ. ದೂರದಲ್ಲಿ ಕಬ್ಬಿನ ಗಾಡಿಗಳ ಶಬ್ದವು ನಿಲ್ಲಲೇ ಇಲ್ಲ. ಒರೆಗೆ ನಾಳೆ ಏನು ಕೊಡುವುದೆಂಬುದು ಹೊಸ ಚಿಂತೆಯಾಯಿತು. ಹಣ ಕೊಟ್ಟರೆ ಮತ್ತೆ ಅದೇ ತಪ್ಪು. ಕೊಡದಿದ್ದರೆ? ಮೊದಲು ಊರಿನ ಒಕ್ಕಲಿಗೆ ಸಮಗಾರನು ಕಪಿಲೆಯ ಬಾನಿ, ಮಿಣಿ, ಬಾರುಕೋಲು, ಮೆಟ್ಟು ಎಲ್ಲವನ್ನೂ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಆಯದ ಕಾಳನ್ನು ಸೆರಗೊಡ್ಡಿ ಪಡೆಯಬೇಕಾಗಿತ್ತು. ಕೊಟ್ಟಷ್ಟೇ ಕಾಳು, ಬಿಟ್ಟಿಯ ದುಡಿಮೆ ಬೇರೆ. ಹಿರಿಯರು ಬಾಲ್ಯದಲ್ಲಿ ತಮ್ಮ ತಂದೆಯೊಡನೆ ಹಾಗೆ ನಿಂತುದನ್ನು ಸಂಜೆ ಹೇಳಿದ್ದರು. ಪುಕ್ಕಟೆ ಒರೆಯನ್ನು ಹಿಡಿದುಕೊಂಡು ಹೋದರೆ ನಾನೂ ಆ ಸಾಲಿನವನಾದೆನು. ಧರ್ಮಶಾಸ್ತ್ರದಲ್ಲಿ ದಾನಕ್ಕೂ ದಕ್ಷಿಣೆಗೂ ಭೃತಿಗೂ ಭೇದವೇನೆಂದು ನಾನು ಎಷ್ಟೋ ಸಲ ಉಪನ್ಯಾಸ ಮಾಡಿದ್ದೇನೆ. ಆ ರಾತ್ರಿ ಅದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಬೆಳಿಗ್ಗೆ ಪಟ್ಟಿಗಳನ್ನು ಬಿಚ್ಚಿದಾಗ ಚರ್ಮವು ಮರದಂತೆ ಗಟ್ಟಿಯಾಗಿ, ಚೂರಿಯ ಆಕಾರವನ್ನು ತಾಳಿತ್ತು. ಒಳಗೆ ಚೂರಿಯಿಲ್ಲದಿದ್ದರೂ ಇದೆಯೆಂದು ತೋರುವಂತಿತ್ತು. ಈಗ ನಾನು ತಿಳಿಯದಿದ್ದ ಒಂದು ಯುಕ್ತಿಯನ್ನು ಕಂಡೆನು. ಎರಡು ಅಂಚುಗಳನ್ನು ನೇರವಾಗಿ ಕೂಡಿಸಿ ಹೊಲಿದರೆ ಅಲಗಿನ ಬಾಯಿ ದಾರವನ್ನು ಮುಟ್ಟಿ, ಒಂದೊಂದಾಗಿ ಕೊಯ್ದುಬಿಡುತ್ತದೆ. ಅದಕ್ಕಾಗಿ ಎರಡರ ನಡುವೆ ಚರ್ಮದ ಮೂರನೆಯ ಪಟ್ಟಿಯೊಂದನ್ನು ಸೇರಿಸುತ್ತಾರೆ. ಬಾಯಿಯು ಆ ಪಟ್ಟಿಗೆ ಆತುಕೊಳ್ಳುತ್ತದೆ, ದಾರವು ಅದರಾಚೆಗೆ ಸುರಕ್ಷಿತವಾಗಿರುತ್ತದೆ. ಹೊರಗಿನವರಿಗೆ ಈ ಪಟ್ಟಿ ಕಾಣುವುದೇ ಇಲ್ಲ, ಅಂಚಿನಲ್ಲಿ ಒಂದು ಗೆರೆಯಷ್ಟೆ. ಒರೆಯ ಆಯುಷ್ಯವೆಲ್ಲ ಅದರಲ್ಲಿದೆ.

ಮೂರನ್ನೂ ಅಂಟಿಸಿ ಒಣಗಿದ ಮೇಲೆ ಹಿರಿಯರು ಮರದ ಹಿಡಿಯ ಚೂಪಾದ ಉಪಕರಣವೊಂದನ್ನು ತೆಗೆದುಕೊಂಡರು. ಏನೆಂದು ಕೇಳಿದೆನು. "ಆರಿ" ಎಂದರು. ನಾನು ಕುಳಿತಲ್ಲಿಯೇ ನೆಟ್ಟಗಾದೆನು. ಚರ್ಮವನ್ನು ಭೇದಿಸುವ ಸಾಧನಕ್ಕೆ ಆರಾ ಎಂದು ಹೆಸರು, ಅಮರಕೋಶದ ನಾನು ಓಡಿಸುತ್ತಿದ್ದ ಆ ವರ್ಗದಲ್ಲಿಯೇ. 35 ವರ್ಷ ಪದವನ್ನು ಬಾಯಲ್ಲಿಟ್ಟುಕೊಂಡಿದ್ದವನು ವಸ್ತುವನ್ನು ಕಂಡುದು ಅಂದು. ಶಿಷ್ಯನು ನನ್ನ ಮುಖ ನೋಡಿ ನಕ್ಕನು. ಅವನಿಗೆ ಇದು 14ನೆಯ ವಯಸ್ಸಿನಲ್ಲಿಯೇ ತಿಳಿದಿತ್ತು.

ಜೋಳದ ಕಾಳಿನಷ್ಟು ಅಂತರದಲ್ಲಿ, ತುಸು ಓರೆಯಾಗಿ, ಒಂದೇ ಸಾಲಿನಲ್ಲಿ ರಂಧ್ರಗಳು. ಹಲವು ಎಳೆ ಹುರಿಮಾಡಿ ಜೇನುಮೇಣ ಉಜ್ಜಿದ ಒಂದೇ ದಾರ, ಎರಡು ತುದಿಗೂ ಎರಡು ಸೂಜಿ. ಒಂದು ಸೂಜಿ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ, ಒಂದೇ ರಂಧ್ರದಲ್ಲಿ ಹಾದು, ಎರಡು ಕೈಗಳೂ ಒಟ್ಟಿಗೆ ಎಳೆಯುತ್ತವೆ. ಯಂತ್ರದ ಹೊಲಿಗೆಯಲ್ಲಿ ಒಂದೆಡೆ ದಾರ ಹರಿದರೆ ಸಾಲು ಸಡಿಲುತ್ತದೆ. ಇಲ್ಲಿ ಒಂದು ಸುತ್ತು ಹರಿದರೆ ಇನ್ನೊಂದು ಹಿಡಿದಿರುತ್ತದೆ. ನನಗೂ ನಾಲ್ಕು ಹೊಲಿಗೆ ಹಾಕಲು ಕೊಟ್ಟರು. ಎರಡನೆಯದರಲ್ಲಿಯೇ ಸೂಜಿಯಿಂದ ದಾರವನ್ನೇ ಚುಚ್ಚಿ ಸಿಕ್ಕು ಮಾಡಿದೆನು. ಹಿರಿಯರು ಬಿಚ್ಚಿ, ಬೈಯದೆ, "ಎಳಿಯೂ ಮುಂದ ಎಡಗಡಿ ದಾರ ಮ್ಯಾಲ ಇರಲಿ" ಎಂದರು. ನಾನು ಅಷ್ಟು ಸಮಾಧಾನದಿಂದ ಯಾವ ಹುಡುಗನಿಗೂ ಸಂಧಿಸೂತ್ರವನ್ನು ಕಲಿಸಿಲ್ಲ. ನಾಲ್ಕು ಹೊಲಿಗೆಗಳಲ್ಲಿ ಮೂರು ಇನ್ನೂ ಸೊಟ್ಟಗಿವೆ. ತೆಗೆದು ಸರಿಮಾಡಿರೆಂದರೆ, "ಇರಲಿ ಬಿಡ್ರಿ, ಬಿಗಿ ಅದಾವ" ಎಂದರು.

ಉಳಿದುದು ಬೇಗ ಮುಗಿಯಿತು. ಅಂಚನ್ನು ಸಮವಾಗಿ ಹೆರೆದು, ನೀರು ಹಚ್ಚಿ, ಕೋಡಿನಿಂದ ಉಜ್ಜಿದಾಗ ಮೂರು ಪದರಗಳೂ ಒಂದಾಗಿ ಹೊಳೆದವು. ನೀರು ಬಿದ್ದರೆ ಹರಿದುಹೋಗಲೆಂದು ತುದಿಯಲ್ಲಿ ಸಣ್ಣ ರಂಧ್ರವಿಟ್ಟರು. ಹಿಂಬದಿಗೆ ಪಟ್ಟಿಯನ್ನು ಚರ್ಮದ ಬಾರಿನಿಂದಲೇ ಹೆಣೆದು ಕೂಡಿಸಿದವರು ಸೊಸೆಯವರು. ಮೊಳೆಯನ್ನು ಎಲ್ಲಿಯೂ ಬಳಸಲಿಲ್ಲ. ಚೂರಿಯನ್ನು ಒಳಗೆ ನೂಕಿದಾಗ ಕೊನೆಯಲ್ಲಿ ಟಿಕ್ಕೆಂದು ಸಣ್ಣ ಶಬ್ದವಾಯಿತು. ಹಿರಿಯರು ಒರೆಯನ್ನು ತಲೆಕೆಳಗು ಮಾಡಿ ಎರಡು ಸಲ ಜಾಡಿಸಿದರು. ಚೂರಿ ಬೀಳಲಿಲ್ಲ.

ನಾನು ಕೇಳಲೇಬೇಕಾದುದನ್ನು ಕೇಳಿದೆನು. "ಯಜಮಾನರೆ, ಇದಕ್ಕೆ ಎಷ್ಟಾಯಿತು?"

"600 ಕೊಡ್ರಿ" ಎಂದರು, ತಡವರಿಸದೆ. "ಚರ್ಮದ್ದು 200, ಉಳದದ್ದು ಕೂಲಿ."

ಕೊಟ್ಟೆನು. ಹೆಬ್ಬೆರಳಿಗೆ ಉಗುಳು ಹಚ್ಚಿ ಎಣಿಸಿ, ರಂಪಿಗೆಯ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಹೀಗೆ ನನ್ನ ರಾತ್ರಿಯ ಧರ್ಮಸಂಕಟವನ್ನು ಅವರು ಒಂದು ನಿಮಿಷದಲ್ಲಿ ತೀರಿಸಿದರು. ಆದರೆ ನನಗೆ ಇನ್ನೊಂದು ಬಾಕಿಯಿತ್ತು. "1994ರಲ್ಲಿ ತಾವು ಚಪ್ಪಲಿ ಕಳಿಸಿದ್ದಿರಿ. ಅದಕ್ಕೆ ನಾನು ಹಣ ಕೊಟ್ಟು ಕಳಿಸಬಾರದಾಗಿತ್ತು" ಎಂದೆನು. ಇನ್ನೂ ಕೆಲವು ವಾಕ್ಯಗಳನ್ನು ಸಿದ್ಧಮಾಡಿಕೊಂಡಿದ್ದೆನು. ಹೇಳುವಷ್ಟರಲ್ಲಿ ಅವರು ಕನ್ನಡಕವನ್ನು ಮೇಲೆತ್ತಿ, "ಎಷ್ಟ ವರ್ಷ ಬಂದವ್ರಿ ಅವು?" ಎಂದು ಕೇಳಿದರು.

"6 ವರ್ಷ ಬಂದವು."

"ತಳಾ ಹಾಕಿಸಿದ್ರೇನು?"

"ಒಂದು ಸಲ."

"ಮದಲ ಹರದದ್ದು ಯಾವುದು? ಪಟ್ಟಿಯೋ, ಹೆಬ್ಬಟ್ಟಿನ ಕುಣಿಕೀಯೋ?"

ನಾನು ಯೋಚಿಸಿದೆನು. ಎಡಗಾಲಿನ ಹೆಬ್ಬೆರಳಿನ ಕುಣಿಕೆ. ಶಾಲೆಯ ಮೆಟ್ಟಿಲಿನ ಮೇಲೆ ಹರಿದು, ಆ ದಿನವೆಲ್ಲ ಕಾಲೆಳೆಯುತ್ತ ನಡೆದುದು ನೆನಪಾಯಿತು. ಹೇಳಿದೆನು. ಅವರು ನನ್ನ ಎಡಗಾಲನ್ನು ಸ್ವಲ್ಪ ಹೊತ್ತು ನೋಡಿದರು.

"ಎಡಗಾಲು ಒತ್ತಿ ನಡೀತೀರಿ ನೀವು. ನನಗ ಗೊತ್ತಿರಲಿಲ್ಲ. ಆಗ ಹೇಳಿ ಕಳಿಸಿದ್ರ ಸರಿ ಮಾಡಿ ಕೊಡ್ತಿದ್ದೆ" ಎಂದು ಸೊಸೆಯನ್ನು ಕರೆದು ಚಹಾ ತರಹೇಳಿದರು.

ಧಾರವಾಡಕ್ಕೆ ಬಂದ ಮೇಲೆ ಒರೆಯನ್ನು ಎಲ್ಲಿಡಬೇಕೆಂಬ ವಿಚಾರವೆದ್ದಿತು. ನಮ್ಮ ಮನೆಯವರು ಅದನ್ನು ಕೈಯಲ್ಲಿ ಹಿಡಿದು, ಮೂಸಿ, "ಮಸಿಯ ವಾಸನೆ" ಎಂದು, ಹಿತ್ತಲ ಬಾಗಿಲಿನ ಪಕ್ಕದ ಮೊಳೆಗೆ ತೂಗುಹಾಕಿದರು. ದೇವರ ಕೋಣೆಗೆ ಅಲ್ಲಿಂದ ಆರು ಹೆಜ್ಜೆ. ಸತ್ಯನಾರಾಯಣ ಪೂಜೆಯ ದಿವಸ ಬಾಳೆಯೆಲೆಯನ್ನು ನಾನು ಆ ಚೂರಿಯಿಂದಲೇ ಕೊಯ್ದು ತಂದೆನು, ಯಾರೂ ಏನೂ ಹೇಳಲಿಲ್ಲ.

ಈಗ ಮೃಗಶಿರೆಯ ಮಳೆ ಹಿಡಿದಿದೆ. ಹಿರಿಯರ ಮಾತಿನಂತೆ ಚೂರಿಯನ್ನು ಹೊರತೆಗೆದು, ಕೊಬ್ಬರಿ ಎಣ್ಣೆ ಸವರಿ, ಕೈಗೆಟುಕದ ಎತ್ತರದಲ್ಲಿಟ್ಟಿದ್ದೇನೆ. ಅಲಗಿನ ಬುಡದಲ್ಲಿ ಉಗುರಿನಷ್ಟು ಕಪ್ಪು ಕಲೆಯಾಗಿದೆ, ಉಜ್ಜಿದರೆ ಹೋಗುವುದಿಲ್ಲ. ಬರಿದಾದ ಒರೆಯು ಮೊಳೆಯ ಮೇಲಿದೆ. ರಜೆಗೆ ಬಂದಿದ್ದ ಮೊಮ್ಮಗಳು ಅದರಲ್ಲಿ ತನ್ನ ಬಣ್ಣದ ಪೆನ್ಸಿಲುಗಳನ್ನು ತುಂಬಿಟ್ಟು ಹೋಗಿದ್ದಾಳೆ.